ಬಾಯ್ಲರ್‌ನವರ ಮೂಗು

ಹೇಸಿಗೆ ಅಂದರೆ ಏನು ಅಂತ ನನ್ನನ್ನು ಕೇಳಿ. ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಕೊಳೆ ಬಟ್ಟೆ ವಿಂಗಡಿಸುವ ಮೇಜಿನ ಮುಂದೆ ನಿಂತು ನನ್ನ ಅರ್ಧ ಆಯುಸ್ಸು ಕಳೆದಿದೆ. ಜನ ಕೋಟು ತೊಟ್ಟು, ಸೆಂಟು ಪೂಸಿಕೊಂಡು ಹೋಟೆಲಿನಿಂದ ಹೊರಗೆ ಬರುತ್ತಾರೆ. ಅವರು ಮಲಗೆದ್ದ ಹಾಸುಬಟ್ಟೆ ನನ್ನ ಹತ್ತಿರ ಬರುತ್ತದೆ. ಹಾಗಾಗಿ ಮನುಷ್ಯರ ಬಗ್ಗೆ ನನಗೆ ದೊಡ್ಡ ಭ್ರಮೆಗಳೇನೂ ಇಲ್ಲ. ಕೈಗವಸು ಹಾಕಿಕೊಂಡು, ಬಾಯಲ್ಲಿ ಉಸಿರಾಡುತ್ತಾ, ವಾಂತಿಯದನ್ನು ಒಂದು ಬುಟ್ಟಿಗೆ, ರಕ್ತದ್ದನ್ನು ಇನ್ನೊಂದು ಬುಟ್ಟಿಗೆ, ಹೆಸರಿಡಲಾಗದ್ದನ್ನು ಮತ್ತೊಂದಕ್ಕೆ ಎಸೆಯುತ್ತೇನೆ. ಅದು ಸಂಬಳದ ಹೇಸಿಗೆ, ಸಹಿಸಬಹುದು. ಮನೆಯಲ್ಲಿ ಪುಕ್ಕಟೆ ಸಿಗುವ ಹೇಸಿಗೆ ಇದೆಯಲ್ಲ, ಅದನ್ನು ಸಹಿಸುವುದು ಕಷ್ಟ.

ಅದೇ ಲಾಂಡ್ರಿಯ ಹಿಂಬದಿಯಲ್ಲಿ ಬಾಯ್ಲರ್ ಮನೆ ಇದೆ. ಒಗೆಯುವ ಯಂತ್ರಗಳಿಗೆ, ಇಸ್ತ್ರಿಯ ಉರುಳೆಗಳಿಗೆ ಬೇಕಾದ ಆವಿ ಅಲ್ಲಿಂದಲೇ ಬರಬೇಕು. ಆ ಬಾಯ್ಲರನ್ನು ನೋಡಿಕೊಳ್ಳುವವರು ನಮ್ಮ ಯಜಮಾನರು, ಅಂದರೆ ನನ್ನ ಗಂಡ. ಎಲ್ಲರೂ ಅವರನ್ನು ‘ಬಾಯ್ಲರ್‌ನವರು’ ಅಂತಲೇ ಕರೆಯುವುದು. ಮ್ಯಾನೇಜರಿಗೂ ಅವರ ನಿಜವಾದ ಹೆಸರು ಥಟ್ಟನೆ ನೆನಪಾಗುವುದಿಲ್ಲ. ಅವರ ಬಾಯ್ಲರ್ ಮನೆಯ ನೆಲದ ಮೇಲೆ ಬೇಕಾದರೆ ಊಟ ಬಡಿಸಿಕೊಂಡು ತಿನ್ನಬಹುದು, ಅಷ್ಟು ಚೊಕ್ಕಟ. ಯಾರಾದರೂ ಕೊಳೆ ಚಪ್ಪಲಿಯಲ್ಲಿ ಒಳಗೆ ಬಂದರೆ ಅವರ ಜನ್ಮ ಜಾಲಾಡುತ್ತಾರೆ. ಆಗಾಗ ಪ್ರೆಶರ್ ಗೇಜಿನ ಗಾಜನ್ನು ಉಗುರಿನಿಂದ ಎರಡು ಸಲ ತಟ್ಟಿ, ಮುಳ್ಳು ಎಲ್ಲಿದೆ ಅಂತ ನೋಡುತ್ತಾರೆ. ಗಾಜು ತಟ್ಟುವ ಆ ಬೆರಳು ಮಿಕ್ಕ ಹೊತ್ತಿನಲ್ಲೆಲ್ಲ ಮೂಗಿನೊಳಗೆ ಇರುತ್ತದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಬಾಯ್ಲರ್ ಮನೆಯ ಗಾಳಿ ಬಿಸಿ, ಒಣ. ಅವರ ಮೂಗಿನಲ್ಲಿ ಹಕ್ಕಳೆ ಕಟ್ಟುತ್ತದೆ, ನಿಜ. ಆದರೆ ಅದನ್ನು ಕೀಳುವುದಕ್ಕೂ ಒಂದು ರೀತಿ ಬೇಡವೇ? ಇವರು ಟೀವಿ ನೋಡುತ್ತಾ ಬೆರಳನ್ನು ಗೆಣ್ಣಿನ ತನಕ ಒಳಗೆ ಬಿಟ್ಟು, ಕಣ್ಣು ಅರೆಮುಚ್ಚಿ ತಿರುಗಿಸುತ್ತಾರೆ. ಹೊರಗೆ ಬಂದದ್ದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಎರಡು ಬೆರಳ ನಡುವೆ ಉಂಡೆ ಮಾಡುತ್ತಾರೆ. ಆ ಉಂಡೆ ಕೊನೆಗೆ ಎಲ್ಲಿ ಸೇರುತ್ತಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ಓದುವುದಿಲ್ಲ.

ಮೊದಲ ಸಲ ರಕ್ತ ಬಿದ್ದದ್ದು ಊಟದ ತಟ್ಟೆಗೆ. ನಾನು, ಅವರು, ನಮ್ಮ ಅತ್ತೆ, ಮೂವರೂ ಊಟಕ್ಕೆ ಕೂತಿದ್ದೆವು. ತಟ್ಟೆಯ ಅಂಚಿಗೆ ಒಂದು ಹನಿ ಬಿತ್ತು, ಮತ್ತೊಂದು ಬಿತ್ತು, ಆಮೇಲೆ ಎಡಗಡೆಯ ಹೊಳ್ಳೆಯಿಂದ ನಲ್ಲಿ ಬಿಟ್ಟ ಹಾಗೆ ಸುರಿಯಿತು. ಇವರು ತಲೆಯನ್ನು ಹಿಂದಕ್ಕೆ ಚೆಲ್ಲಿ, ಗಂಟಲಿಗೆ ಇಳಿದದ್ದನ್ನು ಗುಟುಕು ಗುಟುಕಾಗಿ ನುಂಗಿದರು. ಗಂಟಲ ಗಂಟು ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸಿ, ಸಿಂಕಿನ ತುಂಬ ಕಪ್ಪು ಕಪ್ಪು ಹೆಪ್ಪು ಕಾರಿದರು. ಅದನ್ನು ಬೆರಳಿನಿಂದ ಜಾಲರಿಯೊಳಗೆ ತಳ್ಳಿದವಳು ನಾನು. ಆವತ್ತಿನಿಂದ ಒಂದು ವಾರ ಆ ಸಿಂಕಿನಲ್ಲಿ ಲೋಟ ತೊಳೆಯಲು ನನಗೆ ಮನಸ್ಸಾಗಲಿಲ್ಲ.

ಅತ್ತೆ ಮಾತ್ರ ನಿಶ್ಚಿಂತೆಯಾಗಿ ಊಟ ಮುಗಿಸಿದರು. ಕೆಟ್ಟ ರಕ್ತ, ಹೋದಷ್ಟೂ ಒಳ್ಳೆಯದು ಅಂದರು. ಹೆತ್ತವರಿಗೆ ಹೆಗ್ಗಣ ಮುದ್ದು. ಆದರೆ ಅತ್ತೆಯ ಮಾತಿನ ಹಿಂದೆ ಬರೀ ಮುದ್ದಿರಲಿಲ್ಲ. ನಮ್ಮ ಮಾವನಿಗೆ ಬಿಪಿ ಏರಿ, ಮೆದುಳಲ್ಲಿ ನರ ಒಡೆದು, ಲಕ್ವ ಹೊಡೆದಿತ್ತು. ಅವರಿಗೆ ಜನ್ಮದಲ್ಲೇ ಮೂಗಿನಲ್ಲಿ ರಕ್ತ ಬಂದಿರಲಿಲ್ಲವಂತೆ. ಬಂದಿದ್ದರೆ ಏರಿದ್ದು ಹೊರಗೆ ಹೋಗುತ್ತಿತ್ತು, ತಲೆಗೆ ಹತ್ತುತ್ತಿರಲಿಲ್ಲ ಅನ್ನುವುದು ಅತ್ತೆಯ ಲೆಕ್ಕ. ಮಾವ ಮುಂಬಾಗಿಲ ಪಕ್ಕದ ಕಬ್ಬಿಣದ ಮಂಚದಲ್ಲಿ ವರ್ಷಗಟ್ಟಲೆ ಬಿದ್ದಿದ್ದರು. ಅವರ ಅಡಿಯ ಬಟ್ಟೆ ಬದಲಿಸಿದ್ದು, ಜೊಲ್ಲು ಒರೆಸಿದ್ದು, ಬೆನ್ನಿನ ಹುಣ್ಣಿನ ಕೀವು ತೆಗೆದದ್ದು ನಾನು. ಇಡೀ ಬೀದಿಗೆ ಕೇಳುವ ಹಾಗೆ ಗದರುತ್ತಿದ್ದ ಮನುಷ್ಯ ನಾನು ಹತ್ತಿರ ಹೋದರೆ ಮುಖ ಗೋಡೆಗೆ ತಿರುಗಿಸಿ ಅಳುತ್ತಿದ್ದರು. ಅವರು ಹೋದ ಮೇಲೆ ಆ ಮಂಚಕ್ಕೆ ಬಣ್ಣ ಬಳಿಸಿ, ಈಗ ಅದರಲ್ಲಿ ಇವರು ಮಲಗುತ್ತಾರೆ.

ಅಮ್ಮನ ಲೆಕ್ಕವನ್ನು ಮಗ ಬಾಯ್ಲರ್ ಭಾಷೆಗೆ ತಿರುಗಿಸಿಕೊಂಡಿದ್ದರು. ಮತ್ತೆ ಮತ್ತೆ ರಕ್ತ ಬರತೊಡಗಿದಾಗ ಆಸ್ಪತ್ರೆಗೆ ಹೋಗೋಣ ಅಂದೆ. ಅವರು ಅಯ್ಯೋ ಪಾಪ ಅನ್ನುವ ಹಾಗೆ ನನ್ನನ್ನು ನೋಡಿ ನಕ್ಕರು.

“ಬಾಯ್ಲರ್‌ಗೆ ಸೇಫ್ಟಿ ವಾಲ್ವ್ ಯಾಕಿಡ್ತಾರೆ ಹೇಳು? ಪ್ರೆಶರ್ ಜಾಸ್ತಿ ಆದಾಗ ವಾಲ್ವ್ ಎದ್ದು ಆವಿ ಹೊರಗೆ ಬಿಡುತ್ತೆ, ಬಾಯ್ಲರ್ ಉಳಿಯುತ್ತೆ. ನಂಗೆ ದೇವರು ಮೂಗಲ್ಲಿ ಇಟ್ಟಿದಾನೆ. ಅಪ್ಪಂಗೆ ಇಡಲಿಲ್ಲ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ವಾಲ್ವ್ ವಿಷಯ ಅವರಿಗೆ ತಮಾಷೆಯಲ್ಲ. ಮದುವೆಗೆ ಮುಂಚೆ ಅವರು ಕೆಲಸ ಕಲಿತ ಕಾರ್ಖಾನೆಯಲ್ಲಿ ವಾಲ್ವ್ ಸಣ್ಣಗೆ ಸೋರುತ್ತಿತ್ತೆಂದು ಯಾರೋ ಪುಣ್ಯಾತ್ಮ ಅದನ್ನು ತಂತಿಯಲ್ಲಿ ಬಿಗಿದು ಕಟ್ಟಿದ್ದನಂತೆ. ಬಾಯ್ಲರ್ ಒಡೆದು ಚಾವಣಿ ಹಾರಿಹೋಯಿತು. ಇವರಿಗೆ ಕೆಲಸ ಕಲಿಸಿದ ಮೇಸ್ತ್ರಿ ಒಳಗಿದ್ದರು. ಅವರನ್ನು ಗೋಣಿಚೀಲದಲ್ಲಿ ಹೊರಗೆ ತಂದವರಲ್ಲಿ ಇವರೂ ಒಬ್ಬರು. ಈ ಕಥೆಯನ್ನು ನನಗೆ ಹೇಳಿದ್ದು ಒಂದೇ ಸಲ. ಹೇಳುವಾಗ ಬೆರಳು ಮೂಗಿನ ಹತ್ತಿರ ಹೋಗಲಿಲ್ಲ.

ಒಂದು ದಿನ ಲಾಂಡ್ರಿಯಲ್ಲೇ ರಕ್ತ ಶುರುವಾಯಿತು, ನಿಲ್ಲಲಿಲ್ಲ. ಅವರು ಬಾಯ್ಲರ್ ಮನೆಯಿಂದ ತಡವರಿಸಿಕೊಂಡು ಬಂದವರೇ, ಆಗ ತಾನೇ ಇಸ್ತ್ರಿಯಾಗಿ ಮಡಚಿಟ್ಟಿದ್ದ ಬಿಳಿ ಹಾಸುಬಟ್ಟೆಯೊಂದನ್ನು ಎಳೆದು ಮುಖಕ್ಕೆ ಒತ್ತಿಕೊಂಡರು. ನನ್ನ ಬಾಯಿಂದ ಮೊದಲು ಬಂದ ಮಾತು, ಅದನ್ನಲ್ಲ, ಕೊಳೆ ಬುಟ್ಟಿಯದನ್ನು ತಗೊಳ್ಳಿ ಅಂತ. ಆಮೇಲೆ ನೋಡಿದರೆ ಹಾಸುಬಟ್ಟೆ ಒದ್ದೆಯಾಗಿ ತೊಟ್ಟಿಕ್ಕುತ್ತಿತ್ತು, ಅವರ ತುಟಿ ಬೆಳ್ಳಗಾಗಿತ್ತು. ಬಟ್ಟೆ ಸಾಗಿಸುವ ವ್ಯಾನಿನಲ್ಲಿ, ಗಂಟುಗಳ ನಡುವೆ ಅವರನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಅವರು ಕ್ಯಾಕರಿಸಿ ಉಗಿದದ್ದೆಲ್ಲ ನನ್ನ ಮಡಿಲಿಗೇ ಬಿತ್ತು.

ಮೂಗಿನ ಡಾಕ್ಟರಮ್ಮ ಅವರನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಮೂಗಿನ ಮೆತ್ತನೆಯ ಭಾಗವನ್ನು ಒತ್ತಿ ಹಿಡಿದರು. ತಲೆ ಹಿಂದಕ್ಕೆ ಎತ್ತಿ ನುಂಗುವುದನ್ನು ಯಾರು ಹೇಳಿಕೊಟ್ಟರು ಅಂತ ಬೈದರು. ಆಮೇಲೆ ಮೂಗಿಗೆ ಲೈಟು ಬಿಟ್ಟು ನೋಡಿ, ಬೆರಳು ಹಾಕುವ ಅಭ್ಯಾಸ ಇದೆಯಾ ಅಂತ ಕೇಳಿದರು. ಮೀಸೆ ನರೆತ ಮನುಷ್ಯ, ಇಲ್ಲ ಮೇಡಂ ಅಂದುಬಿಟ್ಟರು. ನಾನು ಅಷ್ಟು ಜೋರಾಗಿ ಉಸಿರು ಬಿಟ್ಟೆನೆಂದರೆ ಡಾಕ್ಟರಮ್ಮ ಮತ್ತೆ ಅವರನ್ನು ಕೇಳಲೇ ಇಲ್ಲ. ಒಂದು ಕಡ್ಡಿಯ ತುದಿಗೆ ಔಷಧಿ ಹಚ್ಚಿ, ರಕ್ತ ಬರುವ ಜಾಗಕ್ಕೆ ಮುಟ್ಟಿಸಿ ಸುಟ್ಟರು. ಸುಟ್ಟ ಜಾಗ ಮಾಯುವ ತನಕ ಬೆರಳು ಸೋಕಿಸಬೇಡಿ ಅಂತ ಮುಲಾಮು ಬರೆದುಕೊಟ್ಟರು.

ಬಿಪಿ ನೋಡಿದರೆ ಆಕಾಶಕ್ಕೇರಿತ್ತು. ರಕ್ತ ನೋಡಿ ಗಾಬರಿಯಾದರೂ ಏರುತ್ತದೆ, ಸುಧಾರಿಸಿಕೊಂಡ ಮೇಲೆ ನೋಡೋಣ ಅಂದರು. ಸುಧಾರಿಸಿಕೊಂಡ ಮೇಲೂ ಅಷ್ಟೇ, ಮಾರನೆಯ ದಿನವೂ ಅಷ್ಟೇ. ಯಾವಾಗಿನಿಂದ ಹೀಗಿದೆಯೋ ಯಾರಿಗೆ ಗೊತ್ತು, ಬಿಪಿ ಏರಿದರೆ ಮೈಗೆ ಏನೂ ತಿಳಿಯುವುದಿಲ್ಲ, ಆದರೆ ಹೀಗೇ ಬಿಟ್ಟರೆ ಅಪ್ಪನಿಗೆ ಆದದ್ದೇ ಆಗುತ್ತದೆ ಅಂದರು. ಇವರು ತಮ್ಮ ವಾಲ್ವ್ ಸಿದ್ಧಾಂತವನ್ನು ಡಾಕ್ಟರಮ್ಮನ ಮುಂದೂ ಇಟ್ಟರು. ಆಯಮ್ಮ ತಾಳ್ಮೆಯವರು.

“ಬಿಪಿ ಇರೋರಿಗೆಲ್ಲ ಮೂಗಲ್ಲಿ ರಕ್ತ ಬರಲ್ಲ. ಮೂಗಲ್ಲಿ ರಕ್ತ ಬರೋರಿಗೆಲ್ಲ ಬಿಪಿ ಇರಲ್ಲ. ನಿಮ್ಮ ಗಾಯ ನೀವೇ ಕೆದಕಿ ಮಾಡ್ಕೊಂಡಿದ್ದು. ಬಿಪಿ ಜಾಸ್ತಿ ಇದ್ದಿದ್ರಿಂದ ರಕ್ತ ನಿಲ್ಲೋದು ತಡ ಆಗಿರಬಹುದು, ಅಷ್ಟೇ. ಬಿಪಿಗೆ ಮಾತ್ರೆ ಬರ್ಕೊಡ್ತೀನಿ, ತಪ್ಪಿಸಬೇಡಿ.”

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಮನೆಯ ಬಾಗಿಲು ದಾಟಿದ ಮೇಲೆ ಅವರು ತಾಯಿಗೆ ಹೇಳಿದ್ದು ಕೇಳಿಸಿತು, ವಾಲ್ವ್‌ಗೆ ಬೆಸುಗೆ ಹಾಕಿಬಿಟ್ಟರಮ್ಮ ಅಂತ. ಮೂಗು ಸುಟ್ಟದ್ದನ್ನು ಅವರು ಆ ತಂತಿ ಬಿಗಿದ ವಾಲ್ವ್‌ಗೆ ಸಮ ಮಾಡಿಕೊಂಡಿದ್ದರು ಅಂತ ನನಗೆ ಆಗ ಹೊಳೆಯಲಿಲ್ಲ. ಸದ್ಯ, ರಕ್ತ ನಿಂತಿತಲ್ಲ ಅಂತ ಬಕೆಟ್ಟಿನಲ್ಲಿದ್ದ ಅವರ ಕರವಸ್ತ್ರಗಳನ್ನೆಲ್ಲ ತಣ್ಣೀರಲ್ಲಿ ನೆನೆಹಾಕಿದೆ.

ರಕ್ತ ನಿಲ್ಲಲಿಲ್ಲ. ಸುಟ್ಟ ಜಾಗಕ್ಕೆ ಹಕ್ಕಳೆ ಕಟ್ಟುವುದು, ಮತ್ತೆ ರಕ್ತ ಬರುವುದು. ಕೇಳಿದರೆ ತಾನಾಗಿಯೇ ಬಂತು ಅನ್ನುತ್ತಿದ್ದರು. ರಕ್ತ ಬಂದ ದಿನ ಅವರ ಮುಖದಲ್ಲಿ ಎಂಥ ನೆಮ್ಮದಿ! ಬಾರದ ದಿನ ಎದೆ ಹಿಡಿದುಕೊಂಡು ಮನೆಯಲ್ಲೆಲ್ಲ ಓಡಾಡುತ್ತಿದ್ದರು. ಮಾತ್ರೆಯನ್ನಂತೂ ಬೆಳಿಗ್ಗೆ ನನ್ನ ಕಣ್ಣೆದುರಿಗೇ ಬಾಯಿಗೆ ಹಾಕಿ ನೀರು ಕುಡಿಯುತ್ತಿದ್ದರು. ಆದರೂ ನನ್ನ ನಾದಿನಿ ಬಂದು ನೋಡಿದಾಗಲೆಲ್ಲ ಬಿಪಿ ಎಳ್ಳಷ್ಟೂ ಇಳಿದಿರಲಿಲ್ಲ. ನಾದಿನಿ, ಅಂದರೆ ಇವರ ತಂಗಿ, ಆಸ್ಪತ್ರೆಯೊಂದರಲ್ಲಿ ನರ್ಸು. ಡಾಕ್ಟರು ಮಾತ್ರೆಯ ಶಕ್ತಿ ಹೆಚ್ಚಿಸಿದರು. ಆಗಲೂ ಇಳಿಯಲಿಲ್ಲ. ನಾದಿನಿಯ ಮುಖ ಸಣ್ಣದಾಯಿತು, ನನಗೆ ಊಟ ಸೇರದಾಯಿತು.

ರಜೆಯ ದಿನ ಮನೆ ಗುಡಿಸುತ್ತಾ, ಕಬ್ಬಿಣದ ಮಂಚವನ್ನು ಒಂದು ಬದಿಗೆ ಎತ್ತಿ ನಿಲ್ಲಿಸಿದೆ. ಮುಂದೆ ಹೇಳುತ್ತೇನೆ ಅಂದೆನಲ್ಲ, ಅದು ಇಲ್ಲಿದೆ. ತಲೆಯ ಕಡೆಯ ಪಟ್ಟಿಯ ಅಡಿಯಲ್ಲಿ, ಕೈ ಇಳಿಬಿಟ್ಟರೆ ಸಿಗುವ ಜಾಗದಲ್ಲಿ, ಅವರ ಮೂಗಿನ ಆಸ್ತಿಯೆಲ್ಲ ಸಾಲಾಗಿ ಮೆತ್ತಿತ್ತು. ಒಣಗಿದ್ದು, ಅರೆ ಒಣಗಿದ್ದು, ಹಸಿರು, ಕಂದು, ರಕ್ತ ಸೇರಿ ಕಪ್ಪಾದದ್ದು. ಅದರ ನಡುನಡುವೆ ಬೆಳ್ಳಗೆ ಏನೋ. ಚಮಚದ ಹಿಡಿಯಿಂದ ಕೆರೆದು ನೋಡಿದೆ. ಬಾಯಲ್ಲಿ ಅರ್ಧ ಕರಗಿ, ಜೊಲ್ಲಿನಿಂದ ಅಂಟಿಕೊಂಡ ಬಿಪಿ ಮಾತ್ರೆಗಳು. ದವಡೆಯಲ್ಲಿ ಒತ್ತಿಟ್ಟುಕೊಂಡು, ನಾನು ಬೆನ್ನು ತಿರುಗಿಸಿದ ಮೇಲೆ ತೆಗೆದು ಅಲ್ಲಿ ಮೆತ್ತುತ್ತಿದ್ದರು. ನಾನು ಬಚ್ಚಲಿಗೆ ಓಡಿದೆ. ಅಷ್ಟು ವರ್ಷ ಹೋಟೆಲಿನವರ ಕೊಳೆ ಮುಟ್ಟಿಯೂ ಬಾರದ ವಾಂತಿ ಆವತ್ತು ಬಂತು.

ಬಾಯಿ ಮುಕ್ಕಳಿಸಿ ಬಂದು, ಅವರ ಕತ್ತಿನ ಪಟ್ಟಿ ಹಿಡಿದು ಮಂಚದ ಮುಂದೆ ನಿಲ್ಲಿಸಿದೆ. ಅತ್ತೆ ಎದುರಿಗಿದ್ದರು, ಇರಲಿ ಅಂತಲೇ ಕೇಳಿದೆ. ಮೊದಲು ತಲೆ ತಗ್ಗಿಸಿದರು. ಆಮೇಲೆ ಬಾಯಿ ಬಿಟ್ಟರು. ಮಾತ್ರೆ ನುಂಗಿದರೆ ಒಳಗೆ ಏನಾಗುತ್ತೋ ಕಾಣುವುದಿಲ್ಲವಂತೆ. ರಕ್ತ ಹೊರಗೆ ಹೋಗುವುದು ಕಣ್ಣಿಗೆ ಕಾಣುತ್ತದಂತೆ. ಅದಕ್ಕೇ ಡಾಕ್ಟರಮ್ಮ ಮುಚ್ಚಿದ ವಾಲ್ವನ್ನು ಇವರು ದಿನಾ ಕೆದಕಿ ಬಿಡಿಸುತ್ತಿದ್ದರಂತೆ.

“ನನ್ನ ಕಡೆ ನೋಡ್ರಿ,” ಅಂದೆ. “ನಿಮ್ಮಪ್ಪನ ಉಚ್ಚೆ ಬಟ್ಟೆ ನಾನು ಎತ್ತಿದೀನಿ. ಅದಕ್ಕೆ ಒಂದು ದಿನ ನಿಮ್ಮನ್ನ ಅಂದಿಲ್ಲ. ನಿಮ್ಮದನ್ನ ಎತ್ತೋ ಶಕ್ತಿ ನಂಗಿಲ್ಲ. ನಂಗೆ ಅಸಹ್ಯ ಆಗುತ್ತೆ, ಅದಕ್ಕಿಂತ ಜಾಸ್ತಿ ಭಯ ಆಗುತ್ತೆ. ಈ ಮಂಚದಲ್ಲಿ ನೀವು ಗೋಡೆ ಕಡೆ ತಿರುಗಿ ಅಳೋದನ್ನ ನಾನು ನೋಡಲಾರೆ.”

ಅವರು ಮಂಚವನ್ನು ಇಳಿಸಿ ಮೊದಲಿನ ಜಾಗಕ್ಕೆ ಸರಿಸಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು. ಅತ್ತರೂ ಅಷ್ಟೇ, ಕರೆದರೂ ಅಷ್ಟೇ. ನಾನು ನಾದಿನಿಗೆ ಫೋನು ಮಾಡಿ ವಿಷಯವೆಲ್ಲ ಹೇಳಿದೆ. ಅವಳು ಯಾವಾಗಲೂ ತರುತ್ತಿದ್ದದ್ದು ಗುಂಡಿ ಒತ್ತಿದರೆ ಅಂಕಿ ತೋರಿಸುವ ಪುಟ್ಟ ಯಂತ್ರ. ಅದನ್ನು ಕಂಡರೆ ಇವರಿಗೆ ತಾತ್ಸಾರ, ಆಟದ ಸಾಮಾನು ಅನ್ನುತ್ತಿದ್ದರು. ಈ ಸಲ ದುಂಡು ಗಾಜಿನ, ಮುಳ್ಳಿರುವ ಹಳೆಯ ನಮೂನೆಯದನ್ನು ತಾ ಅಂದೆ.

ಮಧ್ಯಾಹ್ನವೇ ಬಂದಳು. ಊಟದ ಮೇಜಿನ ಮೇಲೆ ಆ ಗೇಜನ್ನು ಇಟ್ಟದ್ದೇ ತಡ, ಇವರ ಕಣ್ಣು ಅರಳಿತು. ಕೈಗೆತ್ತಿಕೊಂಡು ತಿರುವಿ ನೋಡಿದರು, ಗಾಜು ಒರೆಸಿದರು, ಮುಳ್ಳು ಸೊನ್ನೆಯಲ್ಲಿದೆಯಾ ಅಂತ ಪರೀಕ್ಷಿಸಿದರು. ಕೆಂಪು ಗೆರೆ ಎಲ್ಲಿ ಬರುತ್ತೆ ಅಂತ ತಂಗಿಯನ್ನು ಕೇಳಿದರು. ನೂರ ನಲವತ್ತು ದಾಟಬಾರದು ಅಂದಳು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹೊಡೆದು, ಕಿವಿಗೆ ಕೊಳವೆ ಇಟ್ಟುಕೊಂಡು ನಿಧಾನಕ್ಕೆ ಬಿಟ್ಟಳು. ನೂರ ತೊಂಬತ್ತು. ಇವರು ಗಂಭೀರವಾಗಿ ತಲೆದೂಗಿ, ಈಗ ವಾಲ್ವ್ ಏಳುತ್ತೆ, ಮುಳ್ಳು ಹೇಗೆ ಇಳಿಯುತ್ತೆ ನೋಡು ಪುಟ್ಟಿ ಅಂದವರೇ, ನಾವು ತಡೆಯುವಷ್ಟರಲ್ಲಿ ಇನ್ನೊಂದು ಕೈಯ ಬೆರಳನ್ನು ಮೂಗಿಗೆ ತುರುಕಿ ಒಂದು ತಿರುವು ತಿರುವಿದರು.

ರಕ್ತ ಮೀಸೆಗಿಳಿದು ಮೇಜಿಗೆ ಬಿತ್ತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾದಿನಿ ಅಣ್ಣನ ತಲೆಯನ್ನು ಮುಂದಕ್ಕೆ ಬಗ್ಗಿಸಿ ಮೂಗು ಹಿಡಿದಳು. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ. ತೆರೆದ ಬಾಯಿಂದ ಜೊಲ್ಲು, ರಕ್ತ, ಸಿಂಬಳ ಎಲ್ಲ ಒಂದೇ ದಾರವಾಗಿ ನಾನು ಹಿಡಿದ ಬೋಗುಣಿಗೆ ಇಳಿಯಿತು. ನಾನು ಗೋಡೆ ನೋಡುತ್ತಾ ಹಿಡಿದುಕೊಂಡಿದ್ದೆ. ರಕ್ತ ನಿಲ್ಲುವ ಹೊತ್ತಿಗೆ ನನ್ನ ತೋಳು ಸೋತಿತ್ತು. ಅವರು ಮಾತ್ರ ಪರೀಕ್ಷೆ ಪಾಸಾದವರ ಹಾಗೆ ತೋಳು ಮುಂದೆ ಚಾಚಿ, ಈಗ ನೋಡು ಅಂದರು.

ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ನಾದಿನಿ ನೋಡಿದಳು. ನೂರ ತೊಂಬತ್ತೆರಡು.

ಇವರು ಮುಂದಕ್ಕೆ ಬಾಗಿ, ಗೇಜಿನ ಗಾಜನ್ನು ಉಗುರಿನಿಂದ ಎರಡು ಸಲ ತಟ್ಟಿದರು. ಮತ್ತೆ ನೋಡು ಅಂದರು. ಮತ್ತೂ ಅಷ್ಟೇ. ಗೇಜು ಕೆಟ್ಟಿದೆ, ಬೇರೆ ಯಾರಿಗಾದರೂ ಹಾಕಿ ನೋಡು ಅಂದರು. ನನ್ನ ತೋಳಿಗೆ ಹಾಕಿದಳು. ಅಷ್ಟು ಸಿಟ್ಟಿನಲ್ಲಿದ್ದರೂ ನನ್ನದು ನೂರ ಮೂವತ್ತರ ಒಳಗಿತ್ತು. ಅವಳ ಚೀಲದಿಂದ ಆ ಆಟದ ಸಾಮಾನನ್ನೂ ತೆಗೆಸಿ, ತಮ್ಮ ತೋಳಿಗೆ ಹಾಕಿಸಿಕೊಂಡು, ಎರಡನ್ನೂ ತಾಳೆ ನೋಡಿದರು. ಎರಡೂ ಒಂದೇ ಮಾತು ಹೇಳಿದವು. ಆಮೇಲೆ ಅವರು ಬೋಗುಣಿಯನ್ನು ಹತ್ತಿರ ಎಳೆದುಕೊಂಡು, ಅದರಲ್ಲಿದ್ದದ್ದನ್ನು ತುಂಬ ಹೊತ್ತು ನೋಡುತ್ತಾ ಕೂತರು.

“ವಾಲ್ವ್ ಎದ್ದ ಮೇಲೆ ಮುಳ್ಳು ಇಳೀಬೇಕು,” ಅಂದರು ಕೊನೆಗೆ. “ಇಳಿಲಿಲ್ಲ ಅಂದ್ರೆ ಇದು ವಾಲ್ವ್ ಅಲ್ಲ. ಬರೀ ಲೀಕು.”

ಅತ್ತೆ ಏನೋ ಹೇಳಹೊರಟರು. ಇವರು ಅಮ್ಮನ ಕಡೆ ತಿರುಗಿದರು.

“ಅಪ್ಪಂಗೂ ಮುಳ್ಳು ಇಲ್ಲೇ ನಿಂತಿತ್ತೇನೋ ಅಮ್ಮ. ಯಾರೂ ಗೇಜು ನೋಡಲಿಲ್ಲ.”

ಅತ್ತೆ ಕುರ್ಚಿಯಲ್ಲಿ ಕುಸಿದು ಕೂತು ಸದ್ದಿಲ್ಲದೆ ಅತ್ತರು. ಗಂಡನಿಗೆ ಮೂಗಲ್ಲಿ ರಕ್ತ ಬರಲಿಲ್ಲವಲ್ಲ ಅನ್ನುವ ಒಂದೇ ಸಮಾಧಾನವನ್ನು ಇಷ್ಟು ವರ್ಷ ಹಿಡಿದುಕೊಂಡಿದ್ದವರು ಅವರು. ನನಗೆ ಅವರ ಮೇಲೆ ಸಿಟ್ಟು ಬಾರದೆ ಹೋದದ್ದು ಅದೇ ಮೊದಲ ಸಲ.

ಇವರು ನನ್ನ ಕಡೆ ಕೈ ಚಾಚಿ, ಮಾತ್ರೆ ಕೊಡು ಅಂದರು. ಆ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ರಕ್ತ, ಬೆರಳ ತುದಿಗೆ ಸಿಂಬಳ, ಅಂಗೈಯಲ್ಲಿ ಅರ್ಧ ಒಣಗಿದ ಜೊಲ್ಲು. ಸೋಪು ಹಾಕಿ ತೊಳೆದುಕೊಂಡು ಬನ್ನಿ, ಆಮೇಲೆ ಮಾತ್ರೆ ಅಂದೆ. ಹೋದರು. ಬಚ್ಚಲಲ್ಲಿ ನಲ್ಲಿ ತುಂಬ ಹೊತ್ತು ಸುರಿಯಿತು. ಬಾಯ್ಲರಿನ ಹಿತ್ತಾಳೆ ಉಜ್ಜುವ ಹಾಗೆ ಉಜ್ಜಿ, ಕೆಂಪಾದ ಕೈಗಳನ್ನು ಎರಡೂ ಬದಿ ತಿರುಗಿಸಿ ತೋರಿಸಿದರು. ಮಾತ್ರೆ ಕೊಟ್ಟೆ, ನೀರು ಕೊಟ್ಟೆ, ನುಂಗಿದರು.

“ಬಾಯಿ ತೆಗೀರಿ,” ಅಂದೆ.

ಮಗುವಿನ ಹಾಗೆ ತೆಗೆದರು. ಹಳದಿ ಹಲ್ಲು, ಹಲ್ಲಿನ ಬುಡದಲ್ಲಿ ರಕ್ತದ ಗೆರೆ, ಬಿಳಿ ಹತ್ತಿದ ನಾಲಗೆ, ರಕ್ತದ ವಾಸನೆ. ಆದರೂ ಮುಖ ತಿರುಗಿಸಲಿಲ್ಲ. ಗಲ್ಲ ಹಿಡಿದು ಬೆಳಕಿಗೆ ಎತ್ತಿದೆ. ನಾಲಗೆಯ ಅಡಿ ನೋಡಿದೆ, ಎಡದವಡೆ ನೋಡಿದೆ, ಬಲದವಡೆಗೆ ಬೆರಳು ಹಾಕಿ ಸವರಿ ನೋಡಿದೆ. ಮಾತ್ರೆ ಎಲ್ಲೂ ಇರಲಿಲ್ಲ.